ಮರವಿಲ್ಲದ ನಕ್ಷೆ

ಹೊಸ ಗ್ರಂಥಾಲಯದ ಕಟ್ಟಡಕ್ಕೆ ವಿನ್ಯಾಸ ಸ್ಪರ್ಧೆ. ಸಭಾಂಗಣದ ಗೋಡೆಯುದ್ದಕ್ಕೂ ನಲವತ್ತೊಂದು ನಕ್ಷೆಗಳು. ಯಾವುದರ ಮೇಲೂ ಹೆಸರಿಲ್ಲ, ಬರೀ ಅಂಕಿ. ಹೆಸರುಗಳು ಅಧ್ಯಕ್ಷರ ಮುಂದಿನ ಮೊಹರು ಹಾಕಿದ ಲಕೋಟೆಗಳಲ್ಲಿದ್ದವು. ಬರೆದವರ ಕೈ ಗುರುತು ಹತ್ತಿದರೆ ಬಾಯಿಬಿಟ್ಟು ಹೇಳಿ ಪಕ್ಕಕ್ಕೆ ಸರಿಯಬೇಕು. ಹಾಗೆಂದು ಐವರು ತೀರ್ಪುಗಾರರೂ ಬೆಳಿಗ್ಗೆಯೇ ಸಹಿ ಹಾಕಿದ್ದರು.

ಹದಿನೇಳನೆಯ ನಕ್ಷೆಯ ಮುಂದೆ ಆ ಐವರಲ್ಲೊಬ್ಬರಾದ ಮೇಷ್ಟ್ರ ಕಾಲು ತಾನಾಗಿ ನಿಂತಿತು. ಪೆನ್ನೆತ್ತದೆ ಒಂದೇ ಎಳೆಯಲ್ಲಿ ಬರೆದ ಮರಗಳು! ಮೂವತ್ತು ವರ್ಷ ಪಾಠ ಹೇಳಿದವರಿಗೆ ಅಷ್ಟೂ ತಿಳಿಯದೇ? ಇದು ತಮ್ಮ ಮೆಚ್ಚಿನ ಶಿಷ್ಯೆಯದೇ. ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ.

ಕೊನೆಗೆ ಕಣದಲ್ಲಿ ಉಳಿದದ್ದು ಎರಡೇ: ಹದಿನೇಳು, ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತರಲ್ಲಿ ಒಂದು ಗಿಡವೂ ಇಲ್ಲ, ಸೂರು ತೀರಾ ತಗ್ಗು.

"ಇದೇನ್ರೀ, ಓದೋಕೆ ಬಂದವರನ್ನ ಕೋಳಿಗೂಡಲ್ಲಿ ಕೂಡಿಹಾಕ್ತೀರಾ?" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಎರಡರ ವಿರುದ್ಧ ಮೂರು ಮತಗಳಿಂದ ಹದಿನೇಳು ಗೆದ್ದಿತು.

ಲಕೋಟೆ ಒಡೆದರು. ಹದಿನೇಳು ಯಾರೋ ಪರವೂರಿನವನದು. ಇಪ್ಪತ್ತೊಂಬತ್ತರ ಲಕೋಟೆಯಲ್ಲಿ ಹೆಸರಿನ ಜೊತೆ ಒಂದು ಚೀಟಿಯೂ ಇತ್ತು. ಅಧ್ಯಕ್ಷರು ಗಟ್ಟಿಯಾಗಿಯೇ ಓದಿದರು: "ತೀರ್ಪುಗಾರರಲ್ಲಿ ಒಬ್ಬರು ನನ್ನ ಗುರುಗಳು. ಅವರಿಗೆ ನನ್ನ ಕೈ ಗುರುತು ಸಿಗಬಾರದೆಂದು ಮರಗಳನ್ನು ಬರೆದಿಲ್ಲ."

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನನ್ನ ಮತ ತೆಗೆದುಬಿಡಿ," ಎಂದರು. "ಹದಿನೇಳು ಅವಳದ್ದು ಅಂದ್ಕೊಂಡೇ ಹಾಕಿದ್ದು."

ಅಧ್ಯಕ್ಷರು ಕನ್ನಡಕ ತೆಗೆದರು. "ಇದೊಳ್ಳೆ ಕಥೆ ಆಯ್ತಲ್ಲ ಸಾರ್! ಹೆಸರು ಗೊತ್ತಾದ್ಮೇಲೆ ಮತ ವಾಪಸ್ ತಗೊಂಡು ಎರಡೂ ಸಮ ಮಾಡೋದಾ? ಆಗ ಶಿಷ್ಯೇನ ಗೆಲ್ಲಿಸೋಕೆ ಸುಳ್ಳು, ಈಗ ಅವಳನ್ನೇ ಗೆಲ್ಲಿಸೋಕೆ ನಿಜಾನಾ?"

ಮಾತು ಚಾಟಿಯಂತೆ ಬಿತ್ತು. ಸುಳ್ಳೂ ಅಲ್ಲ. ಗೆದ್ದ ಆ ಹುಡುಗನದೇನು ತಪ್ಪು? ಬಾಯಿಬಿಡಬೇಕಾದಾಗ ಮುಚ್ಚಿಕೊಂಡವನ ನಿಜಕ್ಕೆ ಮೂರು ಕಾಸಿನ ಬೆಲೆಯಿಲ್ಲ.

"ಹಾಗಾದ್ರೆ ಫಲಿತಾಂಶ ಇರಲಿ. ನಾನು ಮಾಡಿದ್ದನ್ನ ವರದಿಯಲ್ಲಿ ಬರೀರಿ. ಕೋಳಿಗೂಡು ಅಂದಿದ್ದನ್ನೂ."

"ವರದಿ ನಲವತ್ತೊಂದು ಜನಕ್ಕೂ ಹೋಗುತ್ತೆ ಸಾರ್. ನಿಮ್ಮ ಮರ್ಯಾದೆ?"

"ಇದ್ರೆ ತಾನೇ ಹೋಗೋದು?"

ಯಾರೂ ನಗಲಿಲ್ಲ. ಗುಮಾಸ್ತೆ ಬರೆಯಲು ಹಿಂಜರಿದಾಗ ಮೇಷ್ಟ್ರೇ ಹಾಳೆಯನ್ನು ಎಳೆದುಕೊಂಡರು. 'ನಿಯಮ ಗೊತ್ತಿದ್ದೂ' ಎಂಬ ಮಾತಿನ ಹತ್ತಿರ ಪೆನ್ನು ನಿಂತಿತು. ಅದನ್ನು ಹೊಡೆದುಹಾಕದೆ, ಮುಂದಿನ ಸಾಲಿಗೆ ಹೋದರು.