ಒಂದನೇ ಫಿರಂಗಿಯ ಜಾಬೆಜ್

ಜಾಬೆಜ್ ಪೆಂಗೆಲಿಯ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ದೂರದಿಂದ ಕಂಡವರಿಗೆ ಆತ ಕಾಣದ ಯಾವುದೋ ಬಾಗಿಲನ್ನು ನೂಕಿಕೊಂಡೇ ನಡೆದು ಬರುತ್ತಿದ್ದಾನೆ ಅನ್ನಿಸುತ್ತಿತ್ತು. ಖಾಕಿಯ ಹಳೆಯ ಮೇಲಂಗಿಯ ಆ ಹೆಗಲಿಗೆ ಅವನ ಹೆಂಡತಿ ಲವಿನಿಯಾ ತೊಗಲಿನ ತೇಪೆ ಹಾಕಿದ್ದಳು; ತೇಪೆ ಸವೆದಾಗ ಅದರ ಮೇಲೊಂದು ತೇಪೆ. ತಾಮ್ರದ ಗಣಿಗಳು ಮುಚ್ಚಿ, ಇದ್ದವರೂ ಇಲ್ಲದಂತೆ ಬದುಕುತ್ತಿದ್ದ, ಅಡಿಲೇಡಿನಿಂದ ದೂರದ ನಮ್ಮೂರಿನಲ್ಲಿ, ಭಾನುವಾರ ಚಾಪೆಲಿನ ಪ್ರಾರ್ಥನೆಯಲ್ಲಿ ತೂಕಡಿಸುವುದನ್ನೂ ಉಳಿದ ದಿನ ಕವಾಯತಿನ ಕೊಟ್ಟಿಗೆಯಲ್ಲಿ ಎಚ್ಚರವಾಗಿರುವುದನ್ನೂ ಆತ ಸಮಾನ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ.

ಕೊಟ್ಟಿಗೆಯಲ್ಲಿ ನಾಲ್ಕು ಫಿರಂಗಿಗಳಿದ್ದವು. ಹದಿನೆಂಟು ಪೌಂಡಿನ ಗುಂಡು ಹಾರಿಸುವ, ಮರದ ಗಾಲಿಯ, ಮಹಾಯುದ್ಧ ಮುಗಿಸಿ ಬಂದ ಮುದುಕಿಯರು. ಗುಮಾಸ್ತರು, ಬಡಗಿಗಳು, ಗೋಧಿ ಬೆಳೆಯುವವರು ಸಂಜೆ ಬಿಡುವಿನಲ್ಲಿ ಇವುಗಳ ಮೇಲೆ ಕವಾಯತು ಕಲಿಯುತ್ತಿದ್ದರು. ಜಾಬೆಜ್ ಇವುಗಳ ಪಾಲಕ. ಒಂದನೆಯದು ಫ್ಲಾಂಡರ್ಸ್ ಯುದ್ಧಭೂಮಿಯ ಕೆಸರಿನಲ್ಲಿ ತನ್ನ ಜೊತೆಗಿದ್ದದ್ದೇ ಎಂದು ಆತ ನಂಬಿದ್ದ. ಅದರ ಮೇಲೆ ಕೆತ್ತಿದ ಅಂಕಿ ಬೇರೆಯೆಂದು ತೋರಿಸಿದರೆ, "ಅಂಕಿ ಬದಲಾಯ್ಸೋಕೆ ಎಷ್ಟೊತ್ತಯ್ಯಾ?" ಎಂದು ಕೇಳುತ್ತಿದ್ದ.

ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಜಾರುತ್ತದೆ. ಮೇಲಿನ ಪೆಟ್ಟಿಗೆಯ ಸ್ಪ್ರಿಂಗುಗಳು ಅದನ್ನು ಮತ್ತೆ ಮುಂದಕ್ಕೆ ತರಬೇಕು. ಇದೇ ಜಾತಿಯ ಹೊಸ ಮಾದರಿಗಳಲ್ಲಿ ಸ್ಪ್ರಿಂಗಿನ ಬದಲು ಗಾಳಿಯೇ ಆ ಕೆಲಸ ಮಾಡುತ್ತದಂತೆ ಎಂಬ ಸುದ್ದಿ ಬಂದಾಗ ಆತ ಮೂಗು ಮುರಿದಿದ್ದ. "ಗಾಳಿ ನಂಬ್ಕೊಂಡು ಯುದ್ಧಕ್ಕೆ ಹೋಗ್ತಾರಂತೆ, ನಮ್ ಪಾದ್ರಿಗಳ ಹಾಗೆ!"

ಆದರೆ ಒಂದನೇ ಫಿರಂಗಿಯ ಸ್ಪ್ರಿಂಗುಗಳು ದಣಿದಿದ್ದವು. ವರ್ಷಕ್ಕೊಮ್ಮೆ ಮರಳುದಿಬ್ಬಗಳಲ್ಲಿ ನಿಜವಾದ ಗುಂಡು ಹಾರಿಸುವಾಗ ನಳಿಗೆ ತನ್ನ ಜಾಗಕ್ಕೆ ಪೂರ್ತಿ ಮರಳದೆ ತುಸು ಹಿಂದೆಯೇ ನಿಲ್ಲುತ್ತಿತ್ತು. ಪಕ್ಕದಲ್ಲಿ ನಿಂತ ಜಾಬೆಜ್, ನೊಣ ಓಡಿಸಿದಷ್ಟು ಸಹಜವಾಗಿ, ಹೆಗಲಿನಿಂದ ಒಂದು ನೂಕು ಕೊಡುತ್ತಿದ್ದ. ಫ್ಲಾಂಡರ್ಸಿನಲ್ಲೂ ಹೀಗೆಯೇ ದಿನಗಟ್ಟಲೆ ನೂಕಿದ್ದವನು ಆತ. ದಣಿದವರನ್ನು ಹಿಂದಕ್ಕೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ, ಫಿರಂಗಿಯನ್ನಾಗಲಿ ಮನುಷ್ಯನನ್ನಾಗಲಿ. ಆರು ವರ್ಷ ಆತ ಈ ಗುಟ್ಟನ್ನು ಕಾಪಾಡಿದ. ಹೇಳಿದರೆ ಆ ಮುದುಕಿ ಫಿರಂಗಿಯನ್ನು ಗುಜರಿಗೆ ಹಾಕುತ್ತಾರೆಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಗುರುವನ್ನು ಕಂಡು ಕಲಿಯುವವರು ಗುರುವಿನ ಕೆಮ್ಮನ್ನೂ ಕಲಿಯುತ್ತಾರೆ. ಉಳಿದ ಮೂರು ಫಿರಂಗಿಗಳು ಗಟ್ಟಿಮುಟ್ಟಾಗಿದ್ದರೂ, ಗುಂಡು ಹಾರಿದೊಡನೆ ಹಿಂಭಾಗಕ್ಕೊಂದು ನೂಕು ಕೊಡುವುದೂ ಕವಾಯತಿನ ಭಾಗವೆಂದೇ ಆ ತಂಡಗಳು ತಿಳಿದವು. ಜಾಬೆಜ್ ನೋಡಿದ, ನಕ್ಕ, ತಿದ್ದಲಿಲ್ಲ. ತಿದ್ದಬೇಕಾದರೆ ಕಾರಣ ಹೇಳಬೇಕಿತ್ತು.

ಆರನೇ ವರ್ಷದ ಗುಂಡಿನ ಅಭ್ಯಾಸದಲ್ಲಿ, ಎರಡನೇ ಫಿರಂಗಿಯ ಸಿಡ್ ನ್ಯಾನ್‌ಕಿವೆಲ್ ಬೇಡದ ನೂಕು ಕೊಡಲು ಕೈ ಚಾಚಿದ್ದಾಗಲೇ ಮುಂದಿನ ಗುಂಡು ಹಾರಿತು. ಹಿಂದಕ್ಕೆ ಜಾರಿದ ನಳಿಗೆ ಅವನ ಮಣಿಕಟ್ಟನ್ನು ಪುಡಿಮಾಡಿತು. ಸಿಡ್ ಮಾಂಸದಂಗಡಿಯಲ್ಲಿ ಕತ್ತಿ ಹಿಡಿಯುವವನು; ಹೋದದ್ದು ಬಲಗೈ.

ವಿಚಾರಣೆಗೆ ಅಡಿಲೇಡಿನಿಂದ ಒಬ್ಬ ಮೇಜರ್ ಬಂದ. ದಳದ ಲೆಫ್ಟಿನೆಂಟ್ ಆಲ್ಡರ್ಸನ್, ಬ್ಯಾಂಕಿನ ಗುಮಾಸ್ತ, ನಡೆದದ್ದನ್ನು ಊಹಿಸಿದ್ದ. ಜಾಬೆಜನನ್ನು ಬಾಗಿಲ ಬಳಿ ಕರೆದು ಪಿಸುಗುಟ್ಟಿದ: "ಸುಮ್ನಿದ್ಬಿಡಿ ಮಾರಾಯ್ರೆ. ಎರಡನೇ ಫಿರಂಗಿಗೇನೂ ಆಗಿಲ್ಲ. ಸಿಡ್ ಎಡವಟ್ಟು ಮಾಡ್ಕೊಂಡ ಅಂತ ಬರೆದ್ರೆ ಮುಗೀತು. ಬಾಯ್ಬಿಟ್ರೆ ನಿಮ್ ಮುದುಕಿನೂ ಹೋಗ್ತಾಳೆ, ನೀವೂ ಹೋಗ್ತೀರಿ."

ಜಾಬೆಜ್ ಕೊಟ್ಟಿಗೆಯೊಳಗೆ ಹೋಗಿ ಒಂದನೇ ಫಿರಂಗಿಯ ಹೊದಿಕೆ ತೆಗೆದ. ಮಡಚಲು ಆತ ತೆಗೆದುಕೊಂಡ ಸಮಯ ನೋಡಿದರೆ ಅದು ಸತ್ತವರ ಬಟ್ಟೆಯೇನೋ ಅನ್ನಿಸುವಂತಿತ್ತು. ಆಮೇಲೆ ಮೇಜರನ ಮುಂದೆ ನಿಂತ.

"ಸಿಡ್‌ದೇನೂ ತಪ್ಪಿಲ್ಲ ಸಾಹೇಬ್ರೆ. ನೂಕೋದು ನನ್ನಿಂದ ಕಲ್ತ. ಇವಳ ಸ್ಪ್ರಿಂಗ್ ಸತ್ತು ಆರು ವರ್ಷ ಆಯ್ತು, ನಾನೇ ಮುಚ್ಚಿಟ್ಟಿದ್ದೆ."

ಮೇಜರ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ. "ಆರು ವರ್ಷ! ಇವಳ ಕೈಲಾಗಲ್ಲ ಅಂತ ಒಂದ್ ಮಾತು ಹೇಳೋಕೇನಾಗಿತ್ರೀ?"

"ಹಾಗೆ ಹೇಳ್ಬೋದು ಅಂತಲೇ ಗೊತ್ತಿರ್ಲಿಲ್ಲ," ಎಂದ ಜಾಬೆಜ್. "ನಮ್ಮನ್ ಯಾವತ್ತೂ ಯಾರೂ ಕೇಳಿರ್ಲಿಲ್ಲ, ಕೈಲಾಗತ್ತಾ ಅಂತ."

ಮರುವಾರ ಒಂದನೇ ಫಿರಂಗಿಯನ್ನು ಕೊಂಡೊಯ್ದರು. ಅದರ ಹಿಂದೆ ಜಾಬೆಜನ ಕೆಲಸವೂ ಹೋಯಿತು. ಸಿಡ್ ಎಡಗೈಯಲ್ಲಿ ಕತ್ತಿ ಹಿಡಿಯಲು ಕಲಿತ, ಚೆನ್ನಾಗಿ ಕಲಿಯಲಿಲ್ಲ. ದಾರಿಯಲ್ಲಿ ಎದುರಾದಾಗ ಇಬ್ಬರೂ ಹವೆಯ ವಿಷಯ ಮಾತಾಡುತ್ತಿದ್ದರು.

ಎಲ್ಲ ಊರುಗಳಲ್ಲೂ ಇಂಥವರು ಇರುತ್ತಾರೆ: ದಣಿದದ್ದಕ್ಕೆ ಸದ್ದಿಲ್ಲದೆ ಆಸರೆಯಾಗಿ, ಯಾವುದೂ ದಣಿದಿಲ್ಲವೆಂದು ಲೋಕವನ್ನು ನಂಬಿಸುವವರು. ನಾವು ಅವರನ್ನು ಹೊಗಳುತ್ತೇವೆ, ಏಕೆಂದರೆ ಹೊಗಳುವುದು ಸುಲಭ, ವಿಚಾರಿಸುವುದು ಕಷ್ಟ. ಅವರ ತಾಳ್ಮೆಯ ಬೆಲೆಯನ್ನು ಅವರೇ ತೆರುತ್ತಾರೆಂದು ನಾವು ಎಣಿಸಿರುತ್ತೇವೆ. ಪಕ್ಕದಲ್ಲಿ ನಿಂತು ನೋಡಿ ಕಲಿತವನೂ ತೆರುತ್ತಾನೆ.