ಮಲಗಿದರೆ ಪುಕ್ಕಟೆ

ನಾನು ಒಂದು ವೈರ್ ಬುಟ್ಟಿ. ಮೈಯೆಲ್ಲ ಹಳದಿ, ಅಂಚು ನೀಲಿ. ಮೈಸೂರಿನ ಒಂದು ವಠಾರದ ಜಗುಲಿಯಲ್ಲಿ ಕುಳಿತು ನನ್ನನ್ನು ಹೆಣೆದವರು ಪಂಕಜಮ್ಮ. ಹಬ್ಬಕ್ಕೆ ಬಂದ ತಂಗಿ ವನಜಾಕ್ಷಿಗೆ, "ತರಕಾರಿ ತರೋಕೆ ಇಟ್ಕೊಳೇ" ಎಂದು ಕೊಟ್ಟರು. ಆದರೆ ತರಕಾರಿಯ ಮುಖವನ್ನು ನಾನು ಬಹುಕಾಲ ನೋಡಲೇ ಇಲ್ಲ.

ವನಜಾಕ್ಷಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಂಗೈ ಬೆವರುತ್ತಿತ್ತು. ಈಗ ಪ್ರಾಣವೇ ಹೋಗುತ್ತದೆ ಎಂಬ ಹೆದರಿಕೆ. ಗಂಡ ಶಿವನಂಜಪ್ಪನವರು ಕೆಲಸ ಮಾಡುವ ಕಾರ್ಖಾನೆಯಿಂದ ಮನೆಯವರಿಗೆಲ್ಲ ಆರೋಗ್ಯ ವಿಮೆ ಇತ್ತು. ಆದರೆ ಆಸ್ಪತ್ರೆಯಲ್ಲಿ ರಾತ್ರಿ ಮಲಗಿದರೆ ಮಾತ್ರ ದುಡ್ಡು ಕೊಡುವ ವಿಮೆ ಅದು. ಹಾಗಾಗಿ ಹೆದರಿಕೆಯಾದಾಗಲೆಲ್ಲ ಅಡ್ಮಿಟ್ ಆಗುವುದೇ ರೂಢಿಯಾಯಿತು. ಫ್ಲಾಸ್ಕು, ಹೊದಿಕೆ, ಲೋಟ ತುಂಬಿಕೊಂಡು ನಾನು ಬಾಗಿಲ ಪಕ್ಕದಲ್ಲೇ ಸಿದ್ಧವಾಗಿರುತ್ತಿದ್ದೆ. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ ಎಂದು ಮನೆಗೆ ಕಳಿಸುತ್ತಿದ್ದರು.

ಕಡೆಗೊಮ್ಮೆ ಹೊಸ ಡಾಕ್ಟರಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿದರು: "ಇದು ಆತಂಕದ ಕಾಯಿಲೆ ಕಣಮ್ಮ. ವಾಸಿ ಆಗುತ್ತೆ. ಮಲಗೋದು ಬೇಡ, ಮಾತ್ರೆ ತಗೊಂಡು ವಾರವಾರ ಬಂದು ನಮ್ಮ ಆಪ್ತಸಮಾಲೋಚಕರ ಹತ್ರ ಮಾತಾಡಿ."

"ಅದಕ್ಕೆ ವಿಮೆ ಬರುತ್ತಾ ಮೇಡಂ?" ಶಿವನಂಜಪ್ಪನವರ ಪ್ರಶ್ನೆ.

"ಇಲ್ಲ, ಕೈಯಿಂದ್ಲೇ ಕೊಡ್ಬೇಕು."

"ಚೆನ್ನಾಯ್ತು. ಮಲಗಿದ್ರೆ ಪುಕ್ಕಟೆ, ಮಾತಾಡಿದ್ರೆ ದುಡ್ಡಾ? ಇವಳು ಮನೇಲಿ ಬಿಟ್ಟಿಯಾಗೇ ಮಾತಾಡ್ತಾಳೆ."

ವನಜಾಕ್ಷಿ ನಕ್ಕಳು. ನಗುತ್ತಲೇ ನನ್ನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ವಾಸಿ ಆಗುತ್ತೆ ಎಂದು ಅಲ್ಲಿಯವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದವಳೇ ನನ್ನನ್ನು ಗಂಡನ ಮುಂದೆ ಬೋರಲು ಹಾಕಿದಳು. ಪ್ರತಿ ಸಲವೂ ಮನೆಯಲ್ಲಿ ಮರೆತು ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಕೊಂಡ ಸೋಪುಗಳು, ಬಾಚಣಿಗೆಗಳು, ನೋಡಲು ಬಂದ ನೆಂಟರಿಗೆ ತರಿಸಿದ ಬನ್ನಿನ ಕವರುಗಳು, ಎಳನೀರಿನ ಸ್ಟ್ರಾಗಳು ದಬದಬ ಬಿದ್ದವು.

"ಇವಕ್ಕೆಲ್ಲ ವಿಮೆ ಬಂತೇನ್ರೀ? ಆಟೋಗೆ ಬಂತಾ? ನೀವು ಸಂಬಳ ಕಳ್ಕೊಂಡು ರಜ ಹಾಕಿದ್ದಕ್ಕೆ ಬಂತಾ?"

ಶಿವನಂಜಪ್ಪ ಒಂದು ಸೋಪನ್ನು ಮೂಸಿ ನೋಡಿದರು. "ಇಷ್ಟು ಸೋಪಲ್ಲಿ ಒಂದು ಮದುವೆ ಮನೆಯವರೆಲ್ಲ ಸ್ನಾನ ಮಾಡ್ಬೋದು" ಎಂದರು. ಸೋಪನ್ನು ಕೆಳಗಿಟ್ಟು, "ಬುಧವಾರ ನನಗೆ ವಾರದ ರಜ. ನಾನೇ ಕರ್ಕೊಂಡೋಗ್ತೀನಿ. ಬಸ್ಸಲ್ಲಿ" ಎಂದರು.

ಭಯವೇನೂ ಒಂದೇ ಸಲಕ್ಕೆ ಕಾಲು ಕೀಳಲಿಲ್ಲ. ಒಂದು ಸಂಜೆ ಮತ್ತೆ ಎದೆ ಹೊಡೆದುಕೊಂಡಿತು. ವನಜಾಕ್ಷಿ ಓಡಿಬಂದು, ಮತ್ತೆ ಫ್ಲಾಸ್ಕು, ಹೊದಿಕೆ ತುಂಬಿಕೊಂಡು ಬಾಗಿಲ ಪಕ್ಕದಲ್ಲಿದ್ದ ನನ್ನನ್ನು ಎತ್ತಿಕೊಂಡಳು. "ಆಟೋ ಕರೀಲಾ?" ಎಂದು ಗಂಡ ಎದ್ದರು. ಅವಳು ಬಾಗಿಲಲ್ಲೇ ಕುಳಿತು, ಬುಧವಾರ ಆಪ್ತಸಮಾಲೋಚಕರ ಹತ್ತಿರ ಕಲಿತಂತೆ ನಿಧಾನವಾಗಿ ಉಸಿರು ಬಿಡತೊಡಗಿದಳು. ಬಹಳ ಹೊತ್ತು ಕುಳಿತಿದ್ದಳು. ಆಮೇಲೆ ನನ್ನೊಳಗಿನ ಫ್ಲಾಸ್ಕು, ಹೊದಿಕೆ ತೆಗೆದು ನೆಲದ ಮೇಲಿಟ್ಟು, "ಬನ್ನಿ, ಸೊಪ್ಪು ತರೋಣ" ಎಂದಳು. ನನ್ನ ಹೊಟ್ಟೆಗೆ ದಂಟಿನ ಸೊಪ್ಪು ಬಿದ್ದದ್ದು ಅಂದೇ ಮೊದಲು.

ಈಗ ನನ್ನ ತಳ ಸವೆದಿದೆ. ಅಡುಗೆಮನೆಯ ಮೊಳೆಯಲ್ಲಿ ಈರುಳ್ಳಿ ಹೊತ್ತು ನೇತಾಡುತ್ತಿದ್ದೇನೆ. ಎಷ್ಟು ತುಂಬಿದರೂ ಆ ಹಳೆಯ ಹೊದಿಕೆ, ಫ್ಲಾಸ್ಕಿನಷ್ಟು ಈರುಳ್ಳಿ ಭಾರವೆನಿಸುವುದಿಲ್ಲ. ವಿಮೆಯ ಕಾರ್ಡು ದೇವರ ಪಟದ ಹಿಂದಿದೆ. ಇರಲಿ, ಬೇಕಾದಾಗ ಬೇಕು. ಬಾಗಿಲ ಪಕ್ಕದ ನನ್ನ ಜಾಗದಲ್ಲಿ ಮಾತ್ರ ಈಗ ವನಜಾಕ್ಷಿ ವಾಕಿಂಗಿಗೆ ಹಾಕಿಕೊಂಡು ಹೋಗುವ ಚಪ್ಪಲಿ ಇದೆ.