ವಾಸನೆಯಿಲ್ಲದ ಮನೆ

ಕೊಟ್ರಬಸಮ್ಮ ಹಚ್ಚಿದ ಊದಿನಕಡ್ಡಿಗಳನ್ನು ಪಂಪಮ್ಮ ಕಸಿದುಕೊಂಡು ನೀರಿನ ಚೊಂಬಿಗೆ ಅದ್ದಿದಳು. ಚುಯ್ ಎಂದಿತು. ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ನೋಡಿದರು.

"ತಲಿ ಕೆಟ್ಟೈತೇನ ನಿನಗ? ಸತ್ತ ಮನ್ಯಾಗ ಊದಿನಕಡ್ಡಿ ಆರಿಸೋಳನ್ನ ಇವತ್ತೇ ನೋಡಿದ್ದು ನಾನು!"

"ಇನ್ನ ಸ್ವಲ್ಪ ಹೊತ್ತು ತಡಿ ಅಕ್ಕ. ಪಂಪೇಶನ ಮಂದಿ ಬರಾಕತ್ಯಾರ."

"ಬರ್ಲಿ. ಅವರ ಮೂಗಿಗೇನು ಹುಣ್ಣಾಗೈತೇನು?"

ಗೋಡೆಗೆ ಒರಗಿಸಿ ಕೂರಿಸಿದ್ದ ಅಂದಾನಪ್ಪ, ಹಣೆ ತುಂಬ ವಿಭೂತಿ ಧರಿಸಿ, ಅಕ್ಕ ಮತ್ತು ಹೆಂಡತಿಯ ಜಗಳ ಮುಗಿಯಲಿ ಎಂದು ಕಾಯುತ್ತಿರುವವನಂತೆ ಕಾಣುತ್ತಿದ್ದ. ನಿನ್ನೆ ಸಂಜೆ ಚಹಾ ಕುಡಿದು ಇದೇ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ.

ಬೆಳಗ್ಗೆ ಪಂಪೇಶ್ ಫೋನು ಮಾಡಿದ್ದ. ಸಂಡೂರು ರಸ್ತೆಯಲ್ಲಿ ವಿಷದ ಕಸ ಸುಡುವ ಭಟ್ಟಿ ಇದೆ. ಅದರ ಚಿಮಣಿ ಹತ್ತಿ ಹೊಗೆ ಅಳೆಯುವ ತಂಡಕ್ಕೆ ಅಂದಾನಪ್ಪನೇ ಹಿರಿಯ, ಪಂಪೇಶ್ ಅವನ ಕೈಕೆಳಗೆ ಬೆಳೆದವನು. "ಅತ್ತಿಗಿ, ಭಟ್ಟಿ ಕಾದು ನಿಂತೈತ್ರಿ. ಅಧಿಕಾರಿಗಳು ಬಂದಾರ. ಇವತ್ತಿನ ಪರೀಕ್ಷೆ ಮುಂದೂಡಾಕ ಆಗಂಗಿಲ್ಲ. ಮಣ್ಣಿಗೆ ಬಂದು ಹಂಗೇ ಚಿಮಣಿ ಹತ್ತಬೇಕು. ಆದ್ರ ಅಲ್ಲಿ ಊದಿನಕಡ್ಡಿ, ಕರ್ಪೂರ... ಅಣ್ಣನ ಕಟ್ಟಳಿ ನಿಮಗ ಗೊತ್ತಲ್ರಿ. ಮೈಯಾಗ ವಾಸ್ನಿ ಹೊತ್ತು ಮ್ಯಾಲೆ ಹೋಗಂಗಿಲ್ಲ."

"ನೀವು ಬರ್ರಿ. ಹೆಗಲು ನೀವೇ ಕೊಡಬೇಕು. ಮನಿ ನಾ ನೋಡ್ಕೋತೀನಿ," ಎಂದಿದ್ದಳು ಪಂಪಮ್ಮ.

ಈಗ ಮನೆಯನ್ನೇನೋ ನೋಡಿಕೊಳ್ಳಬಹುದಿತ್ತು, ಗಂಡನ ಅಕ್ಕನನ್ನು ನೋಡಿಕೊಳ್ಳುವುದೇ ಕಷ್ಟವಾಗಿತ್ತು. ಕೊಟ್ರಬಸಮ್ಮ ಹತ್ತಿರ ಬಂದಾಗ ಅವಳ ಇಳಕಲ್ ಸೀರೆಯಿಂದ ಡಾಂಬರು ಗುಳಿಗೆಯ ಘಾಟು ಪಂಪಮ್ಮನ ಮೂಗಿಗೆ ಬಡಿಯಿತು. ಬೇರೆ ಯಾವ ವಾಸನೆಯಾದರೂ ಆದೀತು, ಇದು ಮಾತ್ರ ಆಗದು.

*

ಮದುವೆಯಾದ ಮೊದಲ ಚಳಿಗಾಲ. ಗಂಡನ ಸ್ವೆಟರು ಹುಳ ತಿನ್ನಬಾರದೆಂದು ಪಂಪಮ್ಮ ಟ್ರಂಕಿಗೆ ಕೈತುಂಬ ಡಾಂಬರು ಗುಳಿಗೆ ಹಾಕಿದ್ದಳು. ಅವನು ಆ ಸ್ವೆಟರು ತೊಟ್ಟು ಚಿಮಣಿ ಹತ್ತಿದ.

ಅವಳಿಗೇನು ಗೊತ್ತಿತ್ತು! ಭಟ್ಟಿ ಸರಿಯಾಗಿ ಸುಡುತ್ತದೋ ಇಲ್ಲವೋ ಎಂದು ನೋಡಲು, ಕಸದ ಜೊತೆ ಅದೇ ಗುಳಿಗೆಯ ಪುಡಿಯನ್ನು ತೂಗಿ ಬೆರೆಸುತ್ತಿದ್ದರು. ಆಮೇಲೆ ಚಿಮಣಿಯ ಹೊಗೆಯನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಸುಡದೆ ಉಳಿದದ್ದು ಎಷ್ಟು ಎಂದು ಹುಡುಕುತ್ತಿದ್ದರು. ಹತ್ತು ಸಾವಿರ ಪಾಲು ಹಾಕಿದರೆ ಒಂದು ಪಾಲಿಗಿಂತ ಹೆಚ್ಚು ಹೊರಗೆ ಬರಬಾರದು.

ಆ ಸಲ ಭಟ್ಟಿ ನಪಾಸಾಯಿತು. ಬೆಂಕಿ ಆರಿಸಿ, ಇಟ್ಟಿಗೆ ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿತ್ತು. ಕೊನೆಗೆ, ಹೊಗೆಯನ್ನೇ ಹಿಡಿಯದೆ ಸುಮ್ಮನೆ ಮೇಲೆ ಒಯ್ದು ತಂದಿದ್ದ ಖಾಲಿ ಕೊಳವೆಯಲ್ಲೂ ಅದೇ ಪದಾರ್ಥ ಸಿಕ್ಕಿತು. ಅಂದು ಅಂದಾನಪ್ಪ ಮನೆಗೆ ಬಂದವನೇ ಸ್ವೆಟರು ಮೂಸಿ ನೋಡಿದ, ಹೊಸ್ತಿಲ ಮೇಲೆ ಕುಸಿದು ಕುಳಿತ, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಪಂಪೀ, ಒಂದು ಮುಷ್ಟಿ ಗುಳಿಗಿಗೆ ಅಷ್ಟು ದೊಡ್ಡ ಭಟ್ಟಿ ಆರಿಸಿಬಿಟ್ಟೆಲ್ಲ!"

ಊರಿಗೆಲ್ಲ ಹೇಳಿದ. ಅವಳು ಮಾತು ಬಿಟ್ಟಳು. ಅವನು ಬೇವಿನೆಲೆ ಒಣಗಿಸಿ ತಂದು, ತಾನೇ ಟ್ರಂಕಿನಲ್ಲಿ ಹಾಸಿದ. ಮಾತು ಮತ್ತೆ ಹುಟ್ಟಿತು. ಅಂದಿನಿಂದ ಪರೀಕ್ಷೆಯ ದಿನಗಳಲ್ಲಿ ಮನೆಯಲ್ಲಿ ಊದಿನಕಡ್ಡಿಯಿಲ್ಲ, ತಲೆಗೆ ಎಣ್ಣೆಯಿಲ್ಲ, ಮುಡಿಯಲ್ಲಿ ಹೂವಿಲ್ಲ. ಪರೀಕ್ಷೆ ಮುಗಿದ ಸಂಜೆ ಅವನು ಬರುವಾಗ ಕೈಯಲ್ಲಿ ಮಲ್ಲಿಗೆಯ ಮಾಲೆ ಇರುತ್ತಿತ್ತು. ಆ ಸಂಜೆಗಳಿಗಾಗಿ ಪಂಪಮ್ಮ ಉಳಿದ ದಿನಗಳನ್ನು ಬೇಸರವಿಲ್ಲದೆ ಬಿಟ್ಟುಕೊಟ್ಟಿದ್ದಳು.

*

"ಅಕ್ಕ, ನಿನ್ನ ಸೀರಿ ಬದ್ಲಿ ಮಾಡ್ಬೇಕು."

"ಏನಂದಿ? ಇದು ನನ್ನ ತಮ್ಮ ಕೊಡಿಸಿದ ಸೀರಿ ಲೇ!"

"ಅದಕ್ಕಾ ಹೇಳಾಕತ್ತೀನಿ. ಡಾಂಬರ ಗುಳಿಗಿ ನಾರಾಕತ್ತೈತಿ."

"ಕೇಳ್ರಿ ಐನೋರ, ಕೇಳ್ರಿ! ಧೂಪ ಇಲ್ಲ, ದೀಪ ಇಲ್ಲ, ಈಗ ನನ್ನ ಸೀರಿಗೆ ಬಂದ್ಳು!"

ಕ್ರಿಯೆ ಮಾಡಿಸಲು ಬಂದು ಬಿಲ್ವಪತ್ರೆ ಬಿಡಿಸುತ್ತಿದ್ದ ಮುದಿ ಐನೋರು ತಲೆ ಎತ್ತಲಿಲ್ಲ. "ಪತ್ರಿ ಐತಿ, ವಿಭೂತಿ ಐತಿ. ಇನ್ನ ಸುಡಾಕ ಏನೂ ಉಳೀದಷ್ಟು ಸುಟ್ಟಿದ್ದು ವಿಭೂತಿ. ಅದಕ್ಕ ವಾಸ್ನಿ ಎಲ್ಲಿಂದ ಬರ್ತೈತಿ? ಸಾಕು ಬಿಡವ್ವ."

ಪಂಪಮ್ಮ ಕೊಟ್ರಬಸಮ್ಮನ ಕೈ ಹಿಡಿದಳು. "ಅಕ್ಕ, ಆ ಚಿಮಣಿ ಮ್ಯಾಲೆ ಇವರ ಸೊಂಟದ ಹಗ್ಗ ಹಿಡದು ನಿಂತೋರು ಪಂಪೇಶನ ಮಂದಿ. ಅವರ ಹೆಗಲ ಮ್ಯಾಲೆ ಹೋಗ್ಲಿ ಇವ್ರು."

ಕೊಟ್ರಬಸಮ್ಮ ತಮ್ಮನ ಮುಖ ನೋಡಿದಳು. ಒಳಗೆ ಹೋದಳು. ಹೊರಗೆ ಬಂದಾಗ ಪಂಪಮ್ಮನ ಹಳೇ ನೂಲಿನ ಸೀರೆ ಅವಳ ಎತ್ತರದ ಮೈಗೆ ಕಣಕಾಲಿನವರೆಗೂ ಬಂದಿರಲಿಲ್ಲ. "ನಗೋರು ನಗ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೋ ನಕ್ಕೇಬಿಟ್ಟರು. ಪಂಪಮ್ಮನಿಗೂ ತಡೆಯಲಾಗಲಿಲ್ಲ.

ಪಂಪೇಶ್ ಮತ್ತು ಜೊತೆಯ ಮೂವರು ಎಣ್ಣೆ ಕಾಣದ ತಲೆ, ಬರೀ ನೀರಲ್ಲಿ ಒಗೆದ ಅಂಗಿಗಳಲ್ಲಿ ಬಂದರು. ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ ಗಾಳಿಯನ್ನು ಮೂಸಿದ ಪಂಪೇಶ್, ಪಂಪಮ್ಮನನ್ನು ನೋಡಿ ಕೈ ಮುಗಿದ. ನಾಲ್ವರೂ ಹೆಗಲು ಕೊಟ್ಟರು.

ಮಲಪನಗುಡಿಯ ಆಚೆ, ಬಾಳೆತೋಟದ ಪಕ್ಕದ ಹೊಲದಲ್ಲಿ ಕುಣಿ ತೆಗೆದಿದ್ದರು. ಕೂತ ಭಂಗಿಯಲ್ಲೇ ಅವನನ್ನು ಇಳಿಸುವಾಗ ಪಂಪೇಶನ ಬಾಯಿಂದ ಚಿಮಣಿಯ ಏಣಿಯ ಮೇಲಿನ ಮಾತು ತಾನಾಗಿ ಹೊರಟಿತು:

"ಬಿಗಿ ಹಿಡದೀವಿ ಅಣ್ಣ. ಸಾವಕಾಶ ಇಳೀರಿ."

ವಿಭೂತಿ, ಪತ್ರೆ, ಮಣ್ಣು ಬಿದ್ದವು. ನಾಲ್ವರೂ ಅಲ್ಲಿಂದಲೇ ಜೀಪು ಹತ್ತಿದರು.

*

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

"ಆತ್ರಿ ಅತ್ತಿಗಿ. ಹೊಗಿ ಹಿಡದು ಇಳದ್ವಿ. ಖಾಲಿ ಕೊಳವಿನೂ ಇಟ್ಟೀವಿ."

"ಪಾಸಾತೇನಪ್ಪ?"

"ಗೊತ್ತಾಗಾಕ ಎರಡು ವಾರ ಬೇಕ್ರಿ."

"ಇರ್ಲಿ. ಉಣ್ರಿ ಎಲ್ಲಾರೂ."

ಫೋನಿಟ್ಟು ಪಂಪಮ್ಮ, "ಅಕ್ಕ, ಇನ್ನ ಹಚ್ಚು," ಎಂದಳು. ಕೊಟ್ರಬಸಮ್ಮ ಇಡೀ ಕಟ್ಟನ್ನೇ ಹಚ್ಚಿದಳು. ಹೊಗೆ ಪಡಸಾಲೆ ದಾಟಿ ಅಡುಗೆಮನೆಗೆ ಹೋಯಿತು.

ಪಂಪಮ್ಮ ಗೂಟದಲ್ಲಿದ್ದ ಅಂದಾನಪ್ಪನ ಸ್ವೆಟರು ತೆಗೆದು ಮಡಚಿದಳು. ಟ್ರಂಕು ತೆರೆದು ಒಣಗಿದ ಬೇವಿನೆಲೆಗಳ ಮೇಲೆ ಇಟ್ಟಳು. ಆಮೇಲೆ ಕೊಟ್ರಬಸಮ್ಮನ ಕೈಚೀಲವನ್ನು ತಡಕಿ, ಅದರ ತಳದಿಂದ ಎರಡು ಬಿಳಿ ಗುಳಿಗೆ ಹೆಕ್ಕಿ, ಇನ್ನೆಂದೂ ಚಿಮಣಿ ಹತ್ತದ ಸ್ವೆಟರಿನ ಎರಡೂ ತೋಳುಗಳೊಳಗೆ ಒಂದೊಂದನ್ನು ಜಾರಿಬಿಟ್ಟಳು.